ಅಪ್ಪಯ್ಯ ಮಾಡು ಹತ್ತೋದು ಬಿಡಲ್ಲ, ಸೇಫ್ಟಿ ಬೆಲ್ಟ್ ತಂದುಕೊಟ್ರೆ ಸಾಕಾ?

ಪ್ರಶ್ನೆ: ನಮ್ದು ತೀರ್ಥಹಳ್ಳಿ ಹತ್ರ ಹಳ್ಳಿ ಮನೆ. ಹಳೇ ಮಂಗಳೂರು ಹಂಚಿನ ಮಾಡು (ಚಾವಣಿ), ಪಕ್ಕದಲ್ಲಿ ಅಡಿಕೆ ಕೊಟ್ಟಿಗೆ, ಅದಕ್ಕೆ ಸಿಮೆಂಟ್ ಶೀಟ್ ಹಾಕಿ ಇಪ್ಪತ್ತು ವರ್ಷದ ಮೇಲಾಯ್ತು. ಅಪ್ಪಯ್ಯಂಗೆ 63, ಬಿಪಿ ಮಾತ್ರೆ ತಗೋತಾರೆ, ಆದ್ರೂ ಪ್ರತಿ ವರ್ಷ ಮೇ ತಿಂಗಳಲ್ಲಿ ತಾವೇ ಹತ್ತಿ ಹಂಚು ಕೈಯಾಡಿಸ್ತಾರೆ, ಅಂದ್ರೆ ಒಡೆದಿದ್ದು ಸರಿದಿದ್ದು ನೋಡಿ ಸರಿ ಕೂರಿಸ್ತಾರೆ. ಮಳೆಗಾಲದಲ್ಲಿ ಮಂಗ ಹಂಚು ಒಡೆದ್ರೆ ಆಗ್ಲೂ ಹತ್ತೋದೇ. ಬೇಡ ಅಂದ್ರೆ ಕೇಳಲ್ಲ. ನಾನಿರೋದು ಬೆಂಗಳೂರಲ್ಲಿ. ಆನ್‌ಲೈನಲ್ಲಿ ಸೇಫ್ಟಿ ಬೆಲ್ಟ್ ಎಂಟುನೂರು ರೂಪಾಯಿಗೆ ಸಿಗ್ತಿದೆ, ತರಿಸಿಕೊಟ್ರೆ ಸಾಕಾ? ಯಾವುದು ತಗೊಳ್ಳಿ?

ಉತ್ತರ: ಬೆಲ್ಟ್ ಆರ್ಡರ್ ಮಾಡೋಕೆ ಮುಂಚೆ ಒಂದು ಕೆಲ್ಸ ಮಾಡಿ. ಈ ಸಲ ಊರಿಗೆ ಹೋದಾಗ ಟೇಪ್ ಹಿಡಿದು ನಿಮ್ಮನೆ ಸೂರು, ಅಂದ್ರೆ ಮಾಡಿನ ಕೆಳ ಅಂಚು, ಅಂಗಳದಿಂದ ಎಷ್ಟು ಎತ್ತರ ಇದೆ ಅಂತ ಅಳೀರಿ. ನಮ್ಮ ಕಡೆ ಹಳೇ ಮನೆಗಳಲ್ಲಿ ಜಗಲಿ ಮುಂದೆ ಸೂರು ಎಂಟು ಒಂಬತ್ತು ಅಡಿ ದಾಟಲ್ಲ, ಎರಚಲು ಒಳಗೆ ಹೊಡೀಬಾರ್ದು ಅಂತ ಅಷ್ಟು ಕೆಳಗೆ ಇಳಿಸಿರ್ತಾರೆ.

ಈಗ ಬೆಲ್ಟಿನ ಲೆಕ್ಕ ಕೇಳಿ. ಅಂಗಡೀಲಿ ಸಿಗೋ ಬೆಲ್ಟಿನ ಹಗ್ಗ ಸಾಮಾನ್ಯವಾಗಿ ಆರಡಿ. ಒಳ್ಳೇದು ತಗೊಂಡ್ರೆ ಅದ್ರಲ್ಲಿ ಶಾಕ್ ಅಬ್ಸಾರ್ಬರ್ ಅಂತ ಮಡಚಿ ಹೊಲಿದಿರೋ ಪಟ್ಟಿ ಇರ್ತದೆ, ಬಿದ್ದಾಗ ಆ ಹೊಲಿಗೆ ಬಿಚ್ಕೊಳ್ತಾ ಮೂರೂವರೆ ಅಡಿ ತನಕ ಉದ್ದ ಆಗ್ತದೆ, ಮೈಗೆ ಬೀಳೋ ಜಗ್ಗು ಕಮ್ಮಿ ಆಗ್ಲಿ ಅಂತಾನೇ ಅದನ್ನ ಇಟ್ಟಿರೋದು. ಬೆನ್ನ ಮೇಲಿನ ರಿಂಗಿಂದ ಪಾದದವರೆಗೆ ಮನುಷ್ಯನ ಉದ್ದ ಐದಡಿ ಹಿಡೀರಿ, ಅದರ ಕೆಳಗೆ ನೆಲಕ್ಕೆ ತಾಗದೆ ಎರಡು ಮೂರಡಿ ಜಾಗ ಉಳೀಬೇಕು. ಕೂಡಿಸಿದ್ರೆ ಹದಿನಾರೂವರೆಯಿಂದ ಹದಿನೇಳೂವರೆ ಅಡಿ ಆಯ್ತಲ್ಲ. ನಿಮ್ಮ ಸೂರು ಒಂಬತ್ತಡಿ! ಬೆಲ್ಟು ಬಿಗಿಯಾಗೋಕೆ ಮುಂಚೆ ಮನುಷ್ಯ ಅಂಗಳದಲ್ಲಿರ್ತಾನೆ. ಒಂಬತ್ತಡಿ ಬೀಳೋಕೆ ಮುಕ್ಕಾಲು ಸೆಕೆಂಡು ಸಾಕು, ನೆಲಕ್ಕೆ ಬಡಿಯೋ ಹೊತ್ತಿಗೆ ವೇಗ ಗಂಟೆಗೆ 26 ಕಿಲೋಮೀಟರ್ ಆಗಿರ್ತದೆ, ಕೈ ಊರಿಕೊಳ್ಳೋಕೂ ಟೈಮ್ ಸಿಗಲ್ಲ.

ಹಂಗಂತ ಬೆಲ್ಟು ದಂಡ ಅಂತಲ್ಲ. ಬಹುಮಹಡಿ ಕಟ್ಟಡದಲ್ಲಿ ಬೆಲ್ಟ್ ಇರೋದು ಬಿದ್ದವನನ್ನ ಹಿಡಿಯೋಕೆ. ನಮ್ಮ ಕುಳ್ಳ ಮಾಡಿಗೆ ಅದು ಆಗಲ್ಲ, ಇಲ್ಲಿ ಹಗ್ಗ ಬೇಕಾಗಿರೋದು ಬೀಳೋ ಜಾಗಕ್ಕೇ ಹೋಗದಂಗೆ ತಡಿಯೋಕೆ. ಗೂಟಕ್ಕೆ ಕಟ್ಟಿದ ದನ ಪಕ್ಕದವ್ರ ಗದ್ದೆಗೆ ಬಾಯಿ ಹಾಕದಂಗೆ ಕಣ್ಣಿ ಅಳತೆ ಮಾಡಿ ಕಟ್ತೀವಲ್ಲ, ಅದೇ. ಅಪ್ಪಯ್ಯ ಕೈಕಾಲು ಚಾಚಿದ್ರೂ ಸೂರಿನ ಅಂಚು ಇನ್ನೂ ಎರಡು ಮೂರಡಿ ದೂರ ಇರ್ಬೇಕು. ಹಂಗಾದ್ರೆ ಸೂರಿನ ಕೊನೇ ಸಾಲು ಹಂಚು ಯಾರು ಸರಿ ಮಾಡ್ತಾರೆ ಅಂತ ಕೇಳ್ತೀರ. ಅದನ್ನ ಕೆಳಗಿಂದ ಏಣಿ ಮೇಲೆ ನಿಂತು ಮಾಡಿ, ಒಂಬತ್ತಡಿ ತಾನೆ.

ಕಟ್ಟೋದು ಎಲ್ಲಿಗೆ ಅನ್ನೋದೇ ದೊಡ್ಡ ತಲೆನೋವು. ರೀಪಿಗೆ, ಅಂದ್ರೆ ಹಂಚು ಕೂರೋ ತೆಳು ಮರದ ಪಟ್ಟಿಗೆ, ಕೊಕ್ಕೆ ಹಾಕೋದು ನೋಡಿದೀನಿ, ಅದು ಕಟ್ಟದೇ ಇದ್ದಂಗೆ. ಹಗ್ಗನ ಮಾಡಿನ ನೆತ್ತಿ ಮೇಲಿಂದ ಆ ಕಡೆ ದಾಟಿಸಿ ಹಿಂದುಗಡೆ ತೆಂಗಿನ ಮರನೋ ಹಲಸಿನ ಮರನೋ ಇದ್ರೆ ಅದರ ಬುಡಕ್ಕೆ ಕಟ್ಟಿ, ನೆತ್ತಿ ಹಂಚಿನ ಮೇಲೆ ಹಗ್ಗ ಉಜ್ಜೋ ಜಾಗಕ್ಕೆ ಗೋಣಿಚೀಲ ಮಡಚಿ ಇಡಿ. ಜೀಪಿಗೆ, ಬೈಕಿಗೆ ಕಟ್ಟಬೇಡಿ ಮಾರಾಯ್ರೆ, ನಗಬೇಡಿ, ಕಟ್ಟಿದ್ದು ಗೊತ್ತಿಲ್ದೆ ಯಾರೋ ಗಾಡಿ ಸ್ಟಾರ್ಟ್ ಮಾಡಿದ್ರೆ ಏನಾಗ್ತದೆ ಯೋಚನೆ ಮಾಡಿ. ಇನ್ನೊಂದು, ಹಗ್ಗ ಕಟ್ಟಿದ ಗೆರೆಗೆ ನೇರವಾಗಿ ಕೆಲ್ಸ ಮಾಡ್ಬೇಕು, ಹತ್ತಡಿ ಪಕ್ಕಕ್ಕೆ ಸರಿದು ಜಾರಿದ್ರೆ ಗಡಿಯಾರದ ಲೋಲಕದ ತರ ತೂಗಿಕೊಂಡು ಬಂದು ಮಾಡಿನ ಪಕ್ಕದ ಅಂಚಿಂದ ಹೊರಗೆ ಹೋಗ್ತಾರೆ. ಕೆಲ್ಸದ ಜಾಗ ಬದಲಾದಂಗೆ ಹಗ್ಗನೂ ಬದಲಾಗ್ಬೇಕು. ಬೇಜಾರಿನ ಕೆಲ್ಸ, ಎಲ್ರೂ ಸೋಮಾರಿತನ ಮಾಡೋದು ಇಲ್ಲೇ.

ಬೆಲ್ಟ್ ತಗೊಳ್ಳೋದಾದ್ರೆ ಸೊಂಟದ ಪಟ್ಟಿ ಮಾತ್ರ ಇರೋದು ಬೇಡವೇ ಬೇಡ, ಅದ್ರಲ್ಲಿ ಬಿದ್ರೆ ಜಗ್ಗು ಪೂರ್ತಿ ಹೊಟ್ಟೆಗೆ ಮತ್ತು ಬೆನ್ನುಮೂಳೆಗೆ ಬೀಳ್ತದೆ. ಭುಜಕ್ಕೂ ತೊಡೆಗೂ ಪಟ್ಟಿ ಇರೋ ಫುಲ್ ಬಾಡಿ ಹಾರ್ನೆಸ್ ತಗೊಳ್ಳಿ, ಐಎಸ್ 3521 ಅಂತ ನಂಬರು ಹೊಲಿದಿರೋ ಲೇಬಲ್ ಇರ್ಬೇಕು. ಹಗ್ಗನೂ ಬೇರೆ ತಗೋಬೇಕು, ಹನ್ನೆರಡು ಮಿಲಿಮೀಟರಿಗೆ ಕಮ್ಮಿ ಇಲ್ಲದ್ದು, ಜೊತೆಗೆ ಹಗ್ಗದ ಮೇಲೆ ಜಾರಿಸಿ ಬೇಕಾದಲ್ಲಿ ಲಾಕ್ ಆಗೋ ರೋಪ್ ಗ್ರಾಬ್. ಅಡಿಕೆ ಮೂಟೆ ಕಟ್ಟೋ ಹಳದಿ ಪ್ಲಾಸ್ಟಿಕ್ ಹಗ್ಗ, ಬಾವಿಯ ನಾರಿನ ಹಗ್ಗ ಇದಕ್ಕಲ್ಲ. ಒಂದ್ಸಲ ಜೋರಾಗಿ ಜಗ್ಗಿಸಿಕೊಂಡ ಬೆಲ್ಟನ್ನ ಮತ್ತೆ ಹಾಕೋ ಹಂಗಿಲ್ಲ. ಅಟ್ಟದಲ್ಲಿ ಎಸೆದಿಟ್ರೆ ಇಲಿ ಕಡೀತದೆ, ಬಿಸಿಲಲ್ಲಿ ನೇತಾಕಿದ್ರೆ ನೂಲು ಸಾಯ್ತದೆ, ಸ್ಪ್ರೇ ಪಂಪ್ ಬ್ಯಾಟರಿ ಪಕ್ಕ ಇಟ್ರೆ ಆಸಿಡ್ ತಿಂತದೆ. ಎಲ್ಲಾ ಸೇರಿ ಎಂಟುನೂರರಲ್ಲಿ ಮುಗಿಯಲ್ಲ, ಅದು ಈಗಲೇ ಗೊತ್ತಿರ್ಲಿ.

ಬೆಲ್ಟಿನ ವಿಷಯ ಅಷ್ಟೇ. ನಿಮ್ಮ ಪ್ರಶ್ನೇಲಿ ನಂಗೆ ನಿಜವಾಗ್ಲೂ ಹೆದರಿಕೆ ಆಗಿದ್ದು ಹಂಚಿನ ಮಾಡು ಓದಿ ಅಲ್ಲ, ಆ ಸಿಮೆಂಟ್ ಶೀಟಿನ ಕೊಟ್ಟಿಗೆ ಓದಿ.

ನಾನು ಇಪ್ಪತ್ತೆಂಟು ವರ್ಷ ಮಾಡು, ಶೆಡ್ಡು ಕೆಲಸ ಮಾಡಿಸಿದೋನು, ಶುರುವಿನಲ್ಲಿ ನಾನೇ ಹತ್ತುತಿದ್ದೆ. ಒಂದು ಅಕ್ಕಿ ಗಿರಣಿ ಶೆಡ್ಡಲ್ಲಿ ಒಡೆದ ಶೀಟ್ ಒಂದನ್ನ ಬದಲಾಯಿಸೋ ಕೆಲ್ಸ, ಒಂದೇ ಒಂದು ಶೀಟು, ಅರ್ಧ ಗಂಟೆ ಕೆಲ್ಸ ಅಂತ ಹಲಗೆ ಗಿಲಗೆ ಏನೂ ತಗೊಂಡು ಹೋಗಿರ್ಲಿಲ್ಲ. ಮೇಸ್ತ್ರಿ ಹೇಳ್ಕೊಟ್ಟಿದ್ದ, ಬೋಲ್ಟ್ ಸಾಲಿನ ಮೇಲೇ ಕಾಲಿಡು, ಕೆಳಗೆ ಆಂಗ್ಲರ್ (ಶೀಟ್ ಹೊರೋ ಕಬ್ಬಿಣದ ಅಡ್ಡಪಟ್ಟಿ) ಇರ್ತದೆ ಏನೂ ಆಗಲ್ಲ ಅಂತ. ಹಂಗೇ ನಡೆದೆ. ನೀವು ಅಂದ್ಕೊಂಡಿರ್ತೀರ ಮೊದ್ಲು ಚಟಚಟ ಅಂತ ಸದ್ದು ಬರ್ತದೆ, ಹುಷಾರಾಗಬಹುದು ಅಂತ. ಯಾವ ಸದ್ದೂ ಬರಲ್ಲ. ಕಾಲಿಟ್ಟಿದ್ದು ನೆನಪಿದೆ, ಆಮೇಲೆ ನಾನು ಭತ್ತದ ಮೂಟೆ ಮೇಲೆ ಮಲಗಿ ಮೇಲೆ ತೂತಲ್ಲಿ ಆಕಾಶ ನೋಡ್ತಿದ್ದೆ. ಮೂಟೆ ಇಲ್ದಿದ್ರೆ ಕೆಳಗೆ ಸಿಮೆಂಟ್ ನೆಲ, ಇವತ್ತು ನಿಮಗೆ ಉತ್ತರ ಬರೀತಾ ಇರ್ತಿರ್ಲಿಲ್ಲ. ನಾನು ಬಿದ್ದಿದ್ದು ಅಂಚಿಂದ ಅಲ್ಲ, ಮಧ್ಯದಿಂದ. ಅಂಚಿನ ಹತ್ರ ಎಲ್ರೂ ಹುಷಾರಾಗೇ ಇರ್ತಾರೆ, ಶೀಟಿನ ನಡುಮಧ್ಯ ನಿಂತಾಗ ಮನಸ್ಸು ನಿರಾಳ ಆಗಿರ್ತದೆ.

ಬೋಲ್ಟ್ ಸಾಲಿನ ಮಾತು ಯಾಕೆ ಸುಳ್ಳು ಅಂದ್ರೆ, ಕೆಳಗಿನ ಆಂಗ್ಲರೋ ಮರದ ಜಂತಿಯೋ ಎರಡು ಮೂರು ಇಂಚು ಅಗಲ, ನಿಮ್ಮ ಪಾದ ಅದಕ್ಕಿಂತ ಉದ್ದ, ಹಿಮ್ಮಡಿ ಒಂಚೂರು ಜಾರಿದ್ರೆ ಭಾರ ಬರೀ ಶೀಟಿನ ಮೇಲೆ. ಶೀಟು ದಪ್ಪ 6 ಮಿಲಿಮೀಟರ್, ಎರಡು ಆಂಗ್ಲರ್ ನಡುವೆ ನಾಲ್ಕೂವರೆ ಅಡಿ ತನಕ ಅಂತರ ಇರ್ತದೆ. ಮೇಲಾಗಿ ಬಿರುಕು ಶುರುವಾಗೋದೇ ಬೋಲ್ಟಿನ ತೂತಿಂದ. ಹೊಸ ಶೀಟೇ ಮನುಷ್ಯ ನಡಿಯೋಕೆ ಅಂತ ಮಾಡಿದ್ದಲ್ಲ, ಇನ್ನು ಇಪ್ಪತ್ತು ಮಳೆಗಾಲ ಕಂಡ ಶೀಟು ಹಪ್ಪಳ ಆಗಿರ್ತದೆ, ಮೇಲೆ ಪಾಚಿ ಕೂತು ಬಿರುಕು ಕಾಣೋದೂ ಇಲ್ಲ. ಹಂಗಾಗಿ ಅದರ ಮೇಲೆ ಯಾರೂ ಕಾಲಿಡ್ಬಾರ್ದು. ಅಪ್ಪಯ್ಯ ಅಲ್ಲ, ಕೆಲಸದವ್ರು ಅಲ್ಲ, ಒಣಗೋಕೆ ಹಾಕಿದ ಹಪ್ಪಳ ತೆಗೆಯೋಕೆ ಹತ್ತೋ ಮಕ್ಕಳಂತೂ ಅಲ್ಲವೇ ಅಲ್ಲ.

ರಿಪೇರಿ ಇದ್ರೆ ಕೆಳಗಿಂದ ಮಾಡಿ, ಕೊಟ್ಟಿಗೆ ಒಳಗೆ ಅಟ್ಟಣಿಗೆ ಕಟ್ಟಿಕೊಂಡು ಬೋಲ್ಟ್ ಬಿಚ್ಚಬಹುದು. ಮೇಲೆ ಹೋಗಲೇಬೇಕು ಅಂದ್ರೆ ಹಲಗೆ, ಅದೂ ಒಂದಲ್ಲ ಎರಡು. ಒಂದಡಿ ಅಗಲ, ಒಂದೂವರೆ ಇಂಚಿಗೆ ಕಮ್ಮಿ ಇಲ್ಲದ ದಪ್ಪ, ಕಮ್ಮಿ ಅಂದ್ರೂ ಮೂರು ಆಂಗ್ಲರ್ ಮೇಲೆ ಕೂರೋ ಅಷ್ಟು ಉದ್ದ, ಅಂದ್ರೆ ಹತ್ತಡಿ. ಅಡ್ಡಡ್ಡ ಪಟ್ಟಿ ಹೊಡೆದಿದ್ರೆ ಕಾಲು ಜಾರಲ್ಲ, ಹಲಗೆಗೂ ಹಗ್ಗ ಕಟ್ಟಿ ನೆತ್ತಿ ಆಚೆ ಬಿಗಿದಿರ್ಬೇಕು. ಒಂದರ ಮೇಲೆ ನಿಂತು ಇನ್ನೊಂದನ್ನ ಮುಂದೆ ಸರಿಸೋದು. ಒಂದೇ ಹಲಗೆ ತಗೊಂಡು ಹೋದೋನು ಅದನ್ನ ಸರಿಸೋವಾಗ ಎಲ್ಲಿ ನಿಲ್ತಾನೆ ಹೇಳಿ? ಕಲರ್ ಶೀಟಿನ ಶೆಡ್ಡಲ್ಲಿ ಬೆಳಕು ಬರ್ಲಿ ಅಂತ ಮಧ್ಯೆ ಮಧ್ಯೆ ಫೈಬರ್ ಶೀಟ್ ಹಾಕಿರ್ತಾರಲ್ಲ, ಅದೂ ಇಷ್ಟೇ ಅಪಾಯ, ಧೂಳು ಕೂತ್ರೆ ಅಕ್ಕಪಕ್ಕದ ತಗಡಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗಲ್ಲ.

ಇನ್ನೊಂದು ಮಾತು, ಹಳೇ ಸಿಮೆಂಟ್ ಶೀಟಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರ್ತದೆ, ಅದರ ಎಳೆ ಶ್ವಾಸಕೋಶಕ್ಕೆ ಹೋದ್ರೆ ಎಷ್ಟೋ ವರ್ಷ ಬಿಟ್ಟು ಕ್ಯಾನ್ಸರ್ ಆಗಿ ಕಾಣಿಸ್ಕೊಳ್ಳಬಹುದು. ಒಣಗಿದ ಶೀಟನ್ನ ವೈರ್ ಬ್ರಷ್ಷಲ್ಲಿ ಉಜ್ಜೋದು, ಗ್ರೈಂಡರಲ್ಲಿ ಕತ್ತರಿಸೋದು, ಮೇಲಿಂದ ಎಸೆದು ಪುಡಿ ಮಾಡೋದು ಬೇಡ. ನೀರು ಹೊಡೆದು ಒದ್ದೆ ಮಾಡಿ, ಇಡೀ ಶೀಟನ್ನೇ ಇಳಿಸಿ. ಒಟ್ಟಿನಲ್ಲಿ ನಂಗೆ ಕೇಳಿದ್ರೆ ನೀವು ಬೆಲ್ಟಿಗೆ ಖರ್ಚು ಮಾಡೋಕೆ ಮುಂಚೆ ಆ ಕೊಟ್ಟಿಗೆ ಶೀಟ್ ಬದಲಾಯಿಸಿ.

ಈಗ ಹಂಚಿನ ಮಾಡಿಗೆ ಬರೋಣ. ಮಂಗಳೂರು ಹಂಚು ಗಟ್ಟಿ ಸಾಮಾನು, 1865ರಲ್ಲಿ ಬಾಸೆಲ್ ಮಿಷನ್ನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ್ದು, ಆ ಕಾಲದ ಮುದ್ರೆ ಇರೋ ಹಂಚು ಇವತ್ತಿಗೂ ಎಷ್ಟೋ ಮನೆ ಮೇಲೆ ನೀರು ತಡೀತಿದಾವೆ. ಆದ್ರೆ ಹಂಚು ನೂರು ವರ್ಷ ಬಂತು ಅಂತ ಅದರ ಕೆಳಗಿನ ರೀಪು ಬರಲ್ಲ. ಹಂಚಿನ ಮಾಡಲ್ಲಿ ಕಾಲು ಒಳಗೆ ಹೋಗೋದು ಬಹಳ ಸಲ ಹಂಚು ಒಡೆದು ಅಲ್ಲ, ರೀಪು ಮುರಿದು. ಸೋರೋ ಜಾಗ ರಿಪೇರಿ ಮಾಡೋಕೆ ತಾನೆ ನಾವು ಹತ್ತೋದು, ಸೋರಿದ ಜಾಗದಲ್ಲೇ ರೀಪು ಕೊಳೆತಿರೋದು! ಅಂದ್ರೆ ಇಡೀ ಮಾಡಲ್ಲಿ ಯಾವ ಜಾಗ ಟೊಳ್ಳೋ ಅಲ್ಲಿಗೇ ಹೋಗಿ ಕಾಲಿಡ್ತೀವಿ. ಅದಕ್ಕೇ ಹತ್ತೋ ಹಿಂದಿನ ದಿನ ಅಟ್ಟಕ್ಕೆ ಟಾರ್ಚ್ ಹಿಡ್ಕೊಂಡು ಹೋಗಿ, ರೀಪು, ಅದನ್ನ ಹೊರೋ ಓರೆ ಮರ ಪಕಾಸಿ, ಎರಡಕ್ಕೂ ಸ್ಕ್ರೂಡ್ರೈವರಿಂದ ಚುಚ್ಚಿ ನೋಡಿ, ಸಲೀಸಾಗಿ ಇಳಿದ್ರೆ ಗೆದ್ದಲೋ ಕೊಳೆಯೋ ತಿಂದಿದೆ ಅಂತ ಅರ್ಥ, ಅಲ್ಲಿಗೆ ಒಂದು ಕೆಂಪು ಬಟ್ಟೆ ಕಟ್ಟಿ. ಮೇಲಿಂದ ಅದು ಕಾಣಲ್ಲ, ಹಂಗಾಗಿ ಅದೇ ಜಾಗದ ಹಂಚೊಂದನ್ನ ಒಳಗಿಂದ ಮೇಲಕ್ಕೆ ತಳ್ಳಿ ಗುರುತು ಮಾಡ್ಕೊಳ್ಳಿ.

ತಳ್ಳೋದು ಅಂದ ಮೇಲೆ ನೆನಪಾಯ್ತು. ಮಂಗ ಒಡೆದ ಒಂದೆರಡು ಹಂಚು ಬದಲಾಯಿಸೋಕೆ ಮಾಡು ಹತ್ತೋದೇ ಬೇಕಿಲ್ಲ. ಒಳಗಡೆ ಸೀಲಿಂಗ್ ಇಲ್ಲದ ಕಡೆ ಅಟ್ಟದ ಮೇಲೆ ನಿಂತು, ಒಡೆದ ಹಂಚಿನ ಮೇಲಿನ ಸಾಲಿನ ಹಂಚನ್ನ ಒಂಚೂರು ಎತ್ತಿ ಮೇಲಕ್ಕೆ ಸರಿಸಿ, ಒಡೆದಿದ್ದನ್ನ ಒಳಗೆ ಎಳ್ಕೊಂಡು, ಹೊಸದನ್ನ ಓರೆ ಮಾಡಿ ತೂರಿಸಿ ರೀಪಿಗೆ ಕೂರಿಸಿ, ಮೇಲಿಂದು ಮತ್ತೆ ಕೆಳಗೆ ಜಾರಿಸಿದ್ರೆ ಮುಗೀತು. ನಮ್ಮ ಅಜ್ಜಂದಿರು ಹೀಗೇ ಮಾಡ್ತಿದ್ದಿದ್ದು. ಅಟ್ಟದಲ್ಲಿ ಇಪ್ಪತ್ತು ಮೂವತ್ತು ಹಂಚು ಯಾವಾಗ್ಲೂ ಇಟ್ಟಿರಿ, ಅದೇ ಕಂಪನಿ ಅಳತೆದು, ಇಲ್ದಿದ್ರೆ ಒಂದು ಹಂಚಿನ ತೋಡಿಗೆ ಇನ್ನೊಂದು ಕೂರಲ್ಲ. ಕೈಗೆ ಎಟುಕದ ಜಾಗ ಆದ್ರೆ ಟಾರ್ಪಾಲ್ ತುಂಡು ಒಳಗಿಂದ ಕಟ್ಟಿ, ಅದೂ ಆಗ್ಲಿಲ್ವಾ, ಬಕೆಟ್ ಇಡಿ. ನಡುಮನೆಯಲ್ಲಿ ಬಕೆಟ್ ಇಟ್ಟು ಸತ್ತೋರು ಯಾರೂ ಇಲ್ಲ. ಜುಲೈ ತಿಂಗಳ ಪಾಚಿ ಕಟ್ಟಿದ ಹಂಚಿನ ಮೇಲೆ ಮಾತ್ರ ಯಾವ ಬೆಲ್ಟ್ ಇದ್ರೂ ಹತ್ತೋದು ಬೇಡ.

ವರ್ಷದ ಕೈಯಾಡಿಸೋ ಕೆಲಸಕ್ಕೆ ಹತ್ತಲೇಬೇಕು, ಸರಿ. ಅದನ್ನ ಮೇ ಕೊನೇ ವಾರಕ್ಕೆ ಯಾಕೆ ಇಟ್ಕೋತೀರ? ಮೋಡ ನೋಡ್ಕೊಂಡು ಗಡಿಬಿಡೀಲಿ ಮಾಡೋ ಕೆಲ್ಸದಲ್ಲೇ ಕಾಲು ತಪ್ಪೋದು. ಅಡಿಕೆ ಕೆಲ್ಸ ಮುಗಿದು ಮಾರ್ಚ್ ಏಪ್ರಿಲ್‌ನಲ್ಲಿ ಮಾಡಿ ಮುಗಿಸಿ. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಶುರು, ಮಧ್ಯಾಹ್ನದ ಊಟದ ಹೊತ್ತಿಗೆ ಬಂದ್. ಏಪ್ರಿಲ್ ಮೇನಲ್ಲಿ ಗುಡುಗು ಮಳೆ ಬರೋದು ಮಧ್ಯಾಹ್ನದ ಮೇಲೇ, ಗುಡುಗು ಕೇಳಿದ ತಕ್ಷಣ ಸಾಮಾನು ಅಲ್ಲೇ ಬಿಟ್ಟು ಇಳೀಬೇಕು. ಹಂಚಿನ ಮೇಲೆ ನೇರ ನಡಿಯೋ ಬದ್ಲು ಒಂದು ಹಗುರ ಏಣಿನ ಮಲಗಿಸಿ, ಕೆಳಗೆ ಹುಲ್ಲು ತುಂಬಿದ ಗೋಣಿ ಹಾಕಿ, ತುದಿನ ನೆತ್ತಿ ಆಚೆ ಹಗ್ಗದಲ್ಲಿ ಬಿಗಿದು ಅದರ ಮೇಲೆ ಓಡಾಡಿದ್ರೆ ಭಾರ ಹತ್ತಾರು ಹಂಚಿಗೆ ಹಂಚಿಹೋಗ್ತದೆ. ಒಂದು ಹಂಚು ಎರಡೂವರೆ ಕೆಜಿ ಹತ್ರ ಇರ್ತದೆ, ನಾಲ್ಕನ್ನ ಕಂಕುಳಲ್ಲಿ ಹಿಡ್ಕೊಂಡು ಒಂದೇ ಕೈಯಲ್ಲಿ ಏಣಿ ಹತ್ತೋದು ನೋಡಿದ್ರೆ ನಂಗೆ ಈಗಲೂ ಹೊಟ್ಟೆ ಕಲಸ್ತದೆ. ಬುಟ್ಟೀಲಿ ಹಾಕಿ ಹಗ್ಗದಲ್ಲಿ ಮೇಲೆಳೀರಿ. ಹಂಚೆತ್ತುವಾಗ ಕೆಳಗೆ ಕಡಜದ ಗೂಡಿರಬಹುದು, ಹಾವೂ ಇರಬಹುದು, ಗಾಬರಿಯಾಗಿ ಹಿಂದೆ ಹೆಜ್ಜೆ ಇಟ್ರೆ ಅಲ್ಲಿ ನೆಲ ಇಲ್ಲ ಅನ್ನೋದು ಆ ಕ್ಷಣದಲ್ಲಿ ಮರೆತುಹೋಗಿರ್ತದೆ, ಮೊದ್ಲು ಕೋಲಿಂದ ಕುಟ್ಟಿ ಸದ್ದು ಮಾಡಿ.

ಏಣಿ ವಿಷಯ ಗೊತ್ತಿದ್ದಿದ್ದೇ ಅಂತ ಯಾರೂ ಓದಲ್ಲ, ಆದ್ರೂ ಹೇಳ್ತೀನಿ. ನಾಲ್ಕಡಿ ಎತ್ತರಕ್ಕೆ ಒಂದಡಿ ಬುಡ ಆಚೆ, ಅಂದ್ರೆ ಹನ್ನೆರಡು ಅಡಿ ಎತ್ತರದಲ್ಲಿ ಒರಗಿಸಿದ್ರೆ ಬುಡ ಮೂರಡಿ ದೂರ. ತುದಿ ಸೂರಿಗಿಂತ ಮೂರಡಿ ಮೇಲೆ ಚಾಚಿರ್ಬೇಕು, ಇಳಿಯೋವಾಗ ಹಿಡ್ಕೊಳ್ಳೋಕೆ. ಕಾಲು ತಪ್ಪೋದು ಏಣಿ ಮಧ್ಯದಲ್ಲಲ್ಲ, ಮಾಡಿಂದ ಏಣಿಗೆ ಕಾಲು ಹಾಕೋ ಆ ಒಂದು ಹೆಜ್ಜೇಲಿ. ಸಗಣಿ ಸಾರಿಸಿದ ಅಂಗಳದಲ್ಲಿ ಏಣಿ ಬುಡ ಜಾರ್ತದೆ, ಗೂಟ ಹೊಡೆದು ಕಟ್ಟಿ, ಮೇಲ್ತುದಿನೂ ಪಕಾಸಿಗೆ ಕಟ್ಟಿ. ಮನೆಗೆ ಬರೋ ಕರೆಂಟ್ ವೈರು ಸೂರಿನ ಹತ್ರ ಹಾದು ಬಂದಿದ್ರೆ ಅಲ್ಯೂಮಿನಿಯಂ ಏಣಿ ಆ ಕಡೆ ತರಲೇಬೇಡಿ, ಒದ್ದೆ ಬಿದಿರಿನ ಏಣಿನೂ ಕರೆಂಟ್ ಹೊಡೀತದೆ. ನಿಮ್ಮ ಕಡೆ ಮೆಸ್ಕಾಂ ಅಲ್ವಾ, 1912ಕ್ಕೆ ಫೋನ್ ಮಾಡಿ ಅರ್ಧ ದಿನ ಲೈನ್ ತೆಗೆಸಿಕೊಳ್ಳಿ. ಮನೆ ಒಳಗಿನ ಮೇನ್ ಸ್ವಿಚ್ ಆಫ್ ಮಾಡಿದ್ರೆ ಹೊರಗಿನ ವೈರಲ್ಲಿ ಕರೆಂಟ್ ಹೋಗಲ್ಲ, ಇದು ಓದಿದೋರಿಗೂ ಎಷ್ಟೋ ಜನಕ್ಕೆ ಗೊತ್ತಿರಲ್ಲ.

ಇನ್ನು ಅಪ್ಪಯ್ಯ. ಬಿಪಿ ಮಾತ್ರೆ ತಗೊಳ್ಳೋರಿಗೆ ಕುಕ್ಕರುಗಾಲಲ್ಲಿ ಕೂತು ಒಮ್ಮೆಲೇ ಎದ್ರೆ ತಲೆ ಸುತ್ತು ಬರೋದುಂಟು, ಹಂಚಿನ ಕೆಲಸ ಅಂದ್ರೆ ಪೂರ್ತಿ ಕೂರೋದು ಏಳೋದೇ, ಅದೂ ಬಿಸಿಲಲ್ಲಿ. ಹಂಗಾಗಿ ಅವ್ರು ಹತ್ತದೇ ಇರೋದು ಸರಿ ಅಂತಾನೇ ನನ್ನ ಅಭಿಪ್ರಾಯ. ಆದ್ರೆ 'ನಿಮಗೆ ವಯಸ್ಸಾಯ್ತು' ಅಂತ ಮಾತ್ರ ಹೇಳಬೇಡಿ, ಅವತ್ತೇ ಸಂಜೆ ಏಣಿ ಹಾಕ್ತಾರೆ. ಯಾವ ಸಾಲು ಯಾವಾಗ ಸೋರ್ತದೆ, ಯಾವ ರೀಪು ಯಾವ ವರ್ಷ ಹಾಕಿದ್ದು ಅಂತ ಅವ್ರಿಗೆ ಗೊತ್ತಿರೋವಷ್ಟು ಯಾವ ಕೆಲಸದವ್ನಿಗೂ ಗೊತ್ತಿಲ್ಲ, ಅದು ನಿಜ ಕೂಡ. 'ಅಪ್ಪಯ್ಯ, ಇಬ್ರು ಹುಡುಗ್ರನ್ನ ಕರೆಸ್ತೀನಿ, ನೀವು ಅಂಗಳದಲ್ಲಿ ನಿಂತು ಹೇಳದೆ ಅವ್ರ ಕೈಲಿ ಆಗಲ್ಲ' ಅನ್ನಿ. ಅಟ್ಟದೊಳಗಿಂದ ಮಾಡೋ ಕೆಲಸ ಅವ್ರಿಗೇ ಬಿಡಿ. ಕರೆಸಿದ ಹುಡುಗ್ರಿಗೂ ಇದೇ ಹಗ್ಗ, ಇದೇ ಹಲಗೆ, ಕೂಲಿ ಕೊಟ್ಟಿದೀವಿ ಅಂತ ಅವ್ರ ಬೆನ್ನುಮೂಳೆ ಬೇರೆ ಆಗಲ್ಲ. ರಾತ್ರಿ ಕುಡಿದು ಬೆಳಗ್ಗೆ ವಾಸನೆ ಬರ್ತಿದ್ರೆ ಆ ದಿನದ ಕೂಲಿ ಕೊಟ್ಟು ಕೆಳಗಿನ ಕೆಲ್ಸ ಮಾಡ್ಸಿ. ವರ್ಷಕ್ಕೆ 90 ದಿನ ಕಟ್ಟಡ ಕೆಲಸ ಮಾಡಿರೋ, 18ರಿಂದ 60 ವರ್ಷದೊಳಗಿನವ್ರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡ್ ಸಿಗ್ತದೆ, ಮಾಡ್ಸಿಲ್ದಿದ್ರೆ ಮಾಡ್ಸೋಕೆ ಹೇಳಿ.

ಒಬ್ರೇ ಹತ್ತೋದಂತೂ ಯಾವತ್ತೂ ಬೇಡ, ಕೆಳಗೆ ಫೋನ್ ಇರೋರು ಒಬ್ರು ಇರ್ಲೇಬೇಕು. ಅಕಸ್ಮಾತ್ ಬಿದ್ರೆ ನಮ್ಮವ್ರು ಮಾಡೋ ಮೊದಲ ಕೆಲಸ ಕೈಕಾಲು ಹಿಡಿದೆತ್ತಿ ಜಗಲಿ ಮೇಲೆ ಮಲಗಿಸೋದು, ಎರಡನೇದು ನೀರು ಕುಡಿಸೋದು. ಎರಡೂ ಬೇಡ. ಬೆನ್ನುಮೂಳೆ ಮುರಿದಿದ್ರೆ ಆ ಎತ್ತೋದ್ರಲ್ಲೇ ಕಾಲಿನ ಶಕ್ತಿ ಹೋಗಿಬಿಡಬಹುದು. ಬಿದ್ದಲ್ಲೇ ಮಲಗಿಸಿ, ತಲೆ ಕುತ್ತಿಗೆ ಅಲುಗದಂಗೆ ಎರಡೂ ಕಡೆ ಕೈ ಕೊಟ್ಟು ಹಿಡಿದು 108ಕ್ಕೆ ಫೋನ್ ಮಾಡಿ. ಗಾಡಿ ಬರೋ ರಸ್ತೆ ಇಲ್ದಿದ್ರೆ ಬಾಗಿಲಿನ ಹಲಗೆ ಮೇಲೆ ನಾಲ್ಕೈದು ಜನ ಸೇರಿ ಇಡೀ ಮೈಯನ್ನ ಒಟ್ಟಿಗೇ ಎತ್ತಿ ಸಾಗಿಸ್ಬೇಕು. ತಲೆಗೆ ಏಟು ಬಿದ್ದು ಎದ್ದು ಕೂತು ಚೆನ್ನಾಗೇ ಮಾತಾಡಿದ್ರು ಅಂತ ಮನೇಲಿ ಉಳಿಸ್ಕೋಬೇಡಿ, ಒಳಗೆ ರಕ್ತ ಕಟ್ತಾ ಇದ್ರೆ ಎರಡು ಮೂರು ಗಂಟೆ ಬಿಟ್ಟು ಪ್ರಜ್ಞೆ ತಪ್ಪೋದುಂಟು. ಬೆಲ್ಟಲ್ಲಿ ನೇತಾಡ್ತಾ ಇದ್ರೆ ಅದೂ ಅರ್ಜೆಂಟೇ, ಅಲುಗಾಡದೆ ನೇತಾಡಿದ್ರೆ ರಕ್ತ ಕಾಲಲ್ಲೇ ನಿಂತು ಕೆಲವೇ ನಿಮಿಷದಲ್ಲಿ ಪ್ರಜ್ಞೆ ಹೋಗಬಹುದು. ಅದಕ್ಕೇ ಎರಡನೇ ಏಣಿ ಒಂದು ಅಂಗಳದಲ್ಲಿ ರೆಡಿ ಇರ್ಲಿ.

ಸೂರಿನ ಎತ್ತರ, ಸೂರಿಂದ ನೆತ್ತಿಗೆ ಮಾಡಿನ ಓರೆ ಉದ್ದ, ಹಿಂದುಗಡೆ ಮರ ಎಷ್ಟು ದೂರ ಇದೆ, ಈ ಮೂರು ಅಳತೆ ಬರೆದು ಕಳಿಸಿ, ಅಟ್ಟದಿಂದ ರೀಪಿನ ಎರಡು ಫೋಟೋನೂ ಹಾಕಿ, ಹಗ್ಗ ಎಷ್ಟು ಮೀಟರ್ ತರಿಸ್ಬೇಕು ಅಂತ ಲೆಕ್ಕ ಮಾಡಿ ಹೇಳ್ತೀನಿ. ಅಲ್ಲೀ ತನಕ ಏಣಿನ ಪಕ್ಕದ ಮನೆಯವ್ರಿಗೆ ಸಾಲ ಕೊಟ್ಟಿರಿ.